ಹಳೆಯ ಕೋವಿಗೆ ಬೆಲೆ ಕಟ್ಟುವ ಮುನ್ನ

ಮನೆಯಲ್ಲಿ ಉಳಿದ ಜೋಡುನಳಿಗೆಯ ಕೋವಿಯನ್ನು ಮಾರಲು ಹೊರಟವರು ಮೊದಲು ಹುಡುಕುವುದು ನಳಿಗೆಯ ಮೇಲಿನ ಕಂಪನಿಯ ಹೆಸರನ್ನು. ಇಂಗ್ಲೆಂಡಿನದೋ ಬೆಲ್ಜಿಯಮ್ಮಿನದೋ ಎಂದು ಕಂಡರೆ ಆಸೆ ಮೇಲೇರುತ್ತದೆ. ನನ್ನ ಪ್ರಕಾರ ಬೆಲೆಗೆ ಆಧಾರ ಬೇರೆ: ಮೊದಲು ಕಾಗದಪತ್ರ, ಆಮೇಲೆ ಆ ಕೋವಿ ಯಾವ ತೋಟೆಯನ್ನು ತಾಳಬಲ್ಲದು ಎಂಬುದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಂ ಪ್ರಕಾರ, ತಯಾರಕರ ಹೆಸರು, ಸಂಖ್ಯೆ ಅಥವಾ ಅಂಗೀಕೃತ ಗುರುತು ಇಲ್ಲದ ಬಂದೂಕನ್ನು ಮಾರುವಂತೆಯೇ ಇಲ್ಲ. ಮಾರಲಾಗದ ವಸ್ತುವಿಗೆ ಬೆಲೆ ಎಲ್ಲಿಯದು? 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿದ್ದರಿಂದ ಕೊಳ್ಳಬಲ್ಲವರೂ ಕಡಿಮೆಯಾದರು. ಪರಿಚಯದವರೊಳಗೆ ಕೈ ಬದಲಾಯಿಸಲು ಇಷ್ಟೆಲ್ಲ ಏಕೆ ಎನ್ನುವವರಿದ್ದಾರೆ. ಖಾಸಗಿಯಾಗಿ ಮಾರಲು ಕಾಯ್ದೆ ಅಡ್ಡಿ ಮಾಡುವುದಿಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಯ ಅಧಿಕಾರಿಗೆ ಲಿಖಿತವಾಗಿ ತಿಳಿಸಿ, ಕನಿಷ್ಠ 45 ದಿನ ಕಾದು, ಹೊಂದಲು ಅರ್ಹತೆ ಇರುವವರಿಗೆ ಕೊಡಿ ಎನ್ನುತ್ತದೆ 5ನೇ ಕಲಂ. ಪರವಾನಗಿ ಇಲ್ಲದೆ ಕೊಂಡವರಿಗೆ ಎರಡರಿಂದ ಐದು ವರ್ಷ ಜೈಲು ಕಾದಿರುತ್ತದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ವ್ಯಕ್ತಿಗೆ ಸಂದದ್ದು, ಕೋವಿಗಲ್ಲ. ಅವರಿಂದ ಕೊಳ್ಳುವ ಹೊರಗಿನವರಿಗೆ ಪರವಾನಗಿ ಬೇಕೇ ಬೇಕು.

ಜನ ಹೆಚ್ಚು ಎಡವುವುದು ತೋಟೆಯ ವಿಷಯದಲ್ಲಿ. 12 ಬೋರ್ ಎಂದರೆ ನಳಿಗೆಯ ಅಗಲಕ್ಕೆ ಸರಿಹೊಂದುವ 12 ಸೀಸದ ಗುಂಡುಗಳು ಸೇರಿ ಒಂದು ಪೌಂಡು ತೂಗುತ್ತವೆ ಎಂದಷ್ಟೇ. ತೋಟೆ ಕೂರುವ ಚೇಂಬರಿನ ಉದ್ದ ಅದರಿಂದ ತಿಳಿಯದು. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅದು ಹೆಚ್ಚಾಗಿ 65 ಮಿಲಿಮೀಟರ್, ಈಚಿನವುಗಳಲ್ಲಿ 70 ಅಥವಾ 76. ತೋಟೆಯ ಮೇಲೆ ನಮೂದಿಸಿರುವುದು ಈಡು ಹಾರಿ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹಾಗಾಗಿ 70ರ ತೋಟೆ 65ರ ಚೇಂಬರಿನೊಳಗೆ ಸಲೀಸಾಗಿ ಕೂರುತ್ತದೆ, ಹಾರಿಸಿದಾಗ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರಿಬಿಡುತ್ತದೆ. ಕೂತಿತು ಎಂದ ಮಾತ್ರಕ್ಕೆ ಹೊಂದಿತು ಎಂದಲ್ಲ. 20 ಬೋರಿನ ತೋಟೆ 12ರ ನಳಿಗೆಯೊಳಗೆ ಜಾರಿ ಸಿಕ್ಕಿಕೊಂಡು, ಅದನ್ನು ಕಾಣದೆ ಹಿಂದೆ ಇನ್ನೊಂದನ್ನು ತುಂಬಿ ಹೊಡೆದರಂತೂ ನಳಿಗೆಯೇ ಸಿಡಿಯುತ್ತದೆ. ಕಬ್ಬಿಣ ಉಕ್ಕಿನ ಪಟ್ಟಿಗಳನ್ನು ಹೊಸೆದು ಸುತ್ತಿದ ಡಮಾಸ್ಕಸ್ ನಳಿಗೆಗಳು ನೋಡಲು ಚೆಲುವಾಗಿವೆ. ಆದರೆ ಅವುಗಳಲ್ಲಿ ಅನೇಕವನ್ನು ಪರೀಕ್ಷಿಸಿದ್ದು ಕರಿಮದ್ದಿಗೆ ಮಾತ್ರ, ಇಂದಿನ ಹೊಗೆರಹಿತ ಮದ್ದಿಗಲ್ಲ. ಇದನ್ನು ಹೇಳುವುದು ನಳಿಗೆಯ ಬುಡದಲ್ಲಿರುವ ಪರೀಕ್ಷಾ ಮುದ್ರೆ; 1813ರಿಂದ ನಡೆಯುತ್ತಿರುವ ಬರ್ಮಿಂಗ್ಹ್ಯಾಮಿನ ಪರೀಕ್ಷಾಲಯದ್ದಾಗಲಿ, ಬೆಲ್ಜಿಯಮ್ಮಿನ ಲಿಯೇಜಿನದ್ದಾಗಲಿ, ಮುದ್ರೆ ಓದದೆ ಕಟ್ಟಿದ ಬೆಲೆಯನ್ನು ನಂಬುವಂತಿಲ್ಲ.

ತಾತ ಇದೇ ಕೋವಿಯಲ್ಲಿ ಎಷ್ಟೋ ಈಡು ಹೊಡೆದಿದ್ದಾರೆ, ಏನೂ ಆಗಲಿಲ್ಲ ಎಂಬ ಮಾತಿದೆ. ಅದು ಅಂದಿನ ತೋಟೆಗೆ, ಅಂದಿನ ದಪ್ಪದ ನಳಿಗೆಗೆ ಸಿಕ್ಕ ಸಾಕ್ಷಿ. ತುಕ್ಕು, ಅದನ್ನು ತೆಗೆಯಲು ಉಜ್ಜಿದ ಉಜ್ಜುವಿಕೆ ಎರಡೂ ಗೋಡೆಯನ್ನು ತೆಳುಮಾಡುತ್ತವೆ. ಒಳ ಅಗಲ ಮಿತಿ ಮೀರಿದರೆ ಹಳೆಯ ಮುದ್ರೆಗೂ ಬೆಲೆ ಉಳಿಯದು.

ಪರವಾನಗಿದಾರರು ತೀರಿಕೊಂಡಿದ್ದರೆ ವಾರಸುದಾರರು 21ನೇ ಕಲಂ ಅನ್ವಯ ಕೋವಿಯನ್ನು ತಡಮಾಡದೆ ಠಾಣೆಯಲ್ಲೋ ಪರವಾನಗಿ ಪಡೆದ ಬಂದೂಕು ವ್ಯಾಪಾರಿಯ ಬಳಿಯೋ ಠೇವಣಿ ಇಟ್ಟು ರಸೀದಿ ಪಡೆಯಬೇಕು. ಹಕ್ಕು ಕೈತಪ್ಪುತ್ತದೆಂಬ ಭಯ ಬೇಡ. ನಿಗದಿತ ಅವಧಿಯೊಳಗೆ ಅಲ್ಲಿಂದಲೇ ಅರ್ಹರಿಗೆ ಮಾರಿ ಹಣ ಪಡೆಯಬಹುದು, ಅವಧಿ ಮೀರಿದರೆ ಮಾತ್ರ ಮುಟ್ಟುಗೋಲು. ವ್ಯಾಪಾರಿಯಿಂದ ಚೇಂಬರಿನ ಉದ್ದವನ್ನೂ ನಳಿಗೆಯ ದಪ್ಪವನ್ನೂ ಅಳೆಸಿ, ಅಳತೆಯನ್ನು ಮಾರಾಟದ ಪತ್ರದಲ್ಲೇ ಬರೆಸಿ.