ಅಯೋಡಿನ್ ಹಿಡಿಯುತ್ತದೆಯೇ?

ಅಮ್ಮನ ಬೆನ್ನುನೋವಿಗೆ ಮೈಸೂರಿನಲ್ಲಿ ಆರು ತಿಂಗಳು ಎಣ್ಣೆ ತಿಕ್ಕಿದ್ದಾಯಿತು. ಚೆನ್ನೈಗೆ ನನ್ನ ಮನೆಗೆ ಬಂದಾಗ ತೆಗೆಸಿದ ಸ್ಕ್ಯಾನಿನಲ್ಲಿ ಬೆನ್ನುಮೂಳೆಯಲ್ಲೂ ಶ್ವಾಸಕೋಶದಲ್ಲೂ ಗಂಟುಗಳು ಕಂಡವು. ಕ್ಯಾನ್ಸರ್. ಮೂಲ ಕುತ್ತಿಗೆಯ ಥೈರಾಯ್ಡ್. ಅವತ್ತು ರಾತ್ರಿಯೇ ಅಣ್ಣ ಫೋನ್ ಮಾಡಿ, "ಖರ್ಚಿಗೆ ಬೋಗಾದಿ ಸೈಟು ಮಾರಿಬಿಡೋಣ ಕಣೋ, ಬಂದಷ್ಟಕ್ಕೆ ಬರಲಿ" ಅಂದ. ನಾನೂ ಹೂಂ ಅಂದೆ.

ನಮ್ಮನ್ನು ತಡೆದದ್ದು ಡಾಕ್ಟರು. "ಮೊದಲು ಗ್ರಂಥಿ ತೆಗೆಯೋಣ. ಉಳಿದ ಗಂಟುಗಳು ಅಯೋಡಿನ್ ಹಿಡಿಯುತ್ತವೋ ಇಲ್ಲವೋ ನೋಡೋಣ. ಅಲ್ಲಿಯವರೆಗೆ ಏನನ್ನೂ ಮಾರಬೇಡಿ." ಹಣಕಾಸಿನ ಬಗ್ಗೆ ಇಷ್ಟು ವರ್ಷ ಬರೆದಿದ್ದೇನೆ, ಇಷ್ಟು ಬೆಲೆಬಾಳುವ ಸಲಹೆ ನನಗೆ ಯಾರೂ ಕೊಟ್ಟಿರಲಿಲ್ಲ.

ಹಾರ್ಮೋನು ತಯಾರಿಸಲು ಥೈರಾಯ್ಡ್ ಕೋಶಕ್ಕೆ ಅಯೋಡಿನ್ ಬೇಕು. ಪ್ಯಾಪಿಲರಿ, ಫಾಲಿಕ್ಯುಲರ್ ಬಗೆಯ ಕ್ಯಾನ್ಸರಿನಲ್ಲಿ ಎಷ್ಟೋ ಸಲ ಕೋಶಗಳು ಶ್ವಾಸಕೋಶಕ್ಕೆ, ಮೂಳೆಗೆ ಹೋಗಿ ನೆಲೆಸಿದರೂ ಅಯೋಡಿನ್ ಹೀರುವ ಅಭ್ಯಾಸ ಬಿಡುವುದಿಲ್ಲ. ವಿಕಿರಣ ಸೂಸುವ ಅಯೋಡಿನ್-131 ನುಂಗಿಸಿದರೆ ಅದನ್ನೂ ಹೀರಿಕೊಂಡು ಒಳಗಿನಿಂದ ಸುಟ್ಟುಹೋಗುತ್ತವೆ. ಫ್ರಾನ್ಸಿನಲ್ಲಿ ಕ್ಯಾನ್ಸರ್ ಹೀಗೆ ಹರಡಿದ್ದ 444 ರೋಗಿಗಳನ್ನು ದಶಕಗಳ ಕಾಲ ಗಮನಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅಯೋಡಿನ್ ಹಿಡಿದು ಗಂಟುಗಳೆಲ್ಲ ಮಾಯವಾದವರಲ್ಲಿ 10 ವರ್ಷದ ನಂತರವೂ ಬದುಕಿದ್ದವರು ಶೇ. 92. ಹಿಡಿದರೂ ಗಂಟು ಪೂರ್ತಿ ಹೋಗದವರಲ್ಲಿ ಶೇ. 29. ಹಿಡಿಯದೇ ಇದ್ದವರಲ್ಲಿ ಶೇ. 10. ಮೆಡುಲರಿ ಬಗೆ ಅಯೋಡಿನ್ ಹಿಡಿಯುವುದೇ ಇಲ್ಲ, ಅದರ ದಾರಿ ಬೇರೆ. ಅನಾಪ್ಲಾಸ್ಟಿಕ್‌ನಲ್ಲಿ ಹೆಚ್ಚಿನವರಿಗೆ ಸಿಗುವುದು ತಿಂಗಳುಗಳ ಲೆಕ್ಕ. ರೋಗದ ಹೆಸರು ಒಂದೇ ಆದರೂ ಒಂದು ಮನೆಗೆ ಹತ್ತು ವರ್ಷದ ಖರ್ಚು, ಇನ್ನೊಂದು ಮನೆಗೆ ಹತ್ತು ತಿಂಗಳದ್ದು. ಯಾವುದೆಂದು ತಿಳಿಯುವ ಮುಂಚೆ ಆಸ್ತಿಗೆ ಕೈಹಚ್ಚಿದ್ದರೆ ನಾವು ಕುರುಡಾಗಿ ಮಾರಿದಂತಾಗುತ್ತಿತ್ತು.

ಗ್ರಂಥಿ ತೆಗೆದರು. ಅಯೋಡಿನ್ ಕೊಡುವ ಮುಂಚೆ, ಅದರ ಹಾರ್ಮೋನಿನ ಬದಲಿಗೆ ನುಂಗುತ್ತಿದ್ದ ಥೈರಾಯ್ಡ್ ಮಾತ್ರೆ ನಾಲ್ಕು ವಾರ ನಿಲ್ಲಿಸಿದರು. ಇಲ್ಲಿಯವರು ಅಗ್ನಿನಕ್ಷತ್ರವೆನ್ನುವ ಕಡುಬೇಸಿಗೆಯ ಬಿಸಿಲಲ್ಲಿ, ಚೆನ್ನೈಗೆ ಚೆನ್ನೈಯೇ ಬೆವರುತ್ತಿರುವಾಗ, ಹಾರ್ಮೋನು ಕಮ್ಮಿಯಾಗಿ ಅಮ್ಮ ಸ್ವೆಟರ್ ಹಾಕಿ ಶಾಲು ಹೊದ್ದು ಕೂತಿರುತ್ತಿದ್ದಳು. ಮಾತು ನಿಧಾನವಾಯಿತು. ಅಡುಗೆಗೆ ಅಯೋಡಿನ್ ಬೆರೆಸದ ಉಪ್ಪು ಹುಡುಕಿ ತಂದೆವು. ಹಾಲು, ಮೊಸರು ಬಂದ್. ಡೋಸ್ ತರಿಸಲು ಮುಂಗಡ ಕಟ್ಟಬೇಕು, ಆಮೇಲೆ ದಿನ ಬದಲಿಸುವ ಹಾಗಿಲ್ಲ, ಏಕೆಂದರೆ ಅದರ ಶಕ್ತಿ 8 ದಿನಕ್ಕೆ ಅರ್ಧವಾಗುತ್ತದೆ. ನುಂಗಿದ ಮೇಲೆ ಒಂಟಿ ಕೋಣೆ, ಬಾಗಿಲ ಹೊರಗೆ ತಟ್ಟೆ, ದಿನಾ ಮೀಟರ್ ಹಿಡಿದು ಬಂದು ವಿಕಿರಣ ಅಳೆಯುವ ಹುಡುಗ.

ಆ ಒಂಟಿ ಕೋಣೆಯೇ ವಿಮೆಯಲ್ಲಿ ನಮ್ಮನ್ನು ಸಿಕ್ಕಿಸಿತು. ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ಮಿತಿ ಇತ್ತು. ಕೋಣೆ ಆ ಮಿತಿ ಮೀರಿತೆಂದು ವಿಮಾ ಕಂಪನಿ ಇಡೀ ಬಿಲ್ಲಿನಲ್ಲಿ ಅದೇ ಪ್ರಮಾಣಕ್ಕೆ ಕಡಿತ ಹಾಕಿತು. ಮೂರರಲ್ಲೊಂದು ಭಾಗ ಹೋಯಿತು. ಔಷಧಿಗೂ ಪರೀಕ್ಷೆಗಳಿಗೂ ಹೀಗೆ ಕಡಿಯುವಂತಿಲ್ಲ ಎಂದಿದ್ದವು ವಿಮಾ ನಿಯಂತ್ರಣ ಪ್ರಾಧಿಕಾರದ 2020ರ ಮಾರ್ಗಸೂಚಿಗಳು. ಅವನ್ನು ಉಲ್ಲೇಖಿಸಿ ಎರಡು ಪತ್ರ ಬರೆದ ಮೇಲೆ ಒಂದಷ್ಟು ವಾಪಸು ಬಂತು. ಈ ಅಂಕಣ ಓದುತ್ತಿರುವವರು ದಯವಿಟ್ಟು ಇವತ್ತೇ ನಿಮ್ಮ ಪಾಲಿಸಿಯಲ್ಲಿ ರೂಮ್ ಬಾಡಿಗೆಯ ಮಿತಿ ಇರುವ ಪುಟ ತೆಗೆದು ನೋಡಿ.

ಎರಡು ಡೋಸ್ ಅಯೋಡಿನ್ ಕೆಲಸ ಮಾಡಿತು. ಮೂರನೆಯದರ ನಂತರದ ಸ್ಕ್ಯಾನಿನಲ್ಲಿ ಮೂಳೆಯ ಗಂಟು ಅಯೋಡಿನ್ ಹಿಡಿದಿರಲಿಲ್ಲ. ಅಯೋಡಿನ್ ಹಿಡಿಯದ ಗಂಟನ್ನು ತಡೆಯುವ ಮಾತ್ರೆ ತರಲು ನಾನು ಹೊರಟೇಬಿಟ್ಟಿದ್ದೆ, ಡಾಕ್ಟರು ಬೇಡ ಅಂದರು. ಗಂಟು ಬೆಳೆಯದಿದ್ದರೆ ಸುಮ್ಮನೆ ಗಮನಿಸುವುದೂ ಚಿಕಿತ್ಸೆಯೇ. ಹಾಗೆ ಒಂದೂವರೆ ವರ್ಷ ಸಿಕ್ಕಿತು. ಸೈಟನ್ನು ಆ ಅವಧಿಯಲ್ಲಿ, ಆತುರವಿಲ್ಲದೆ, ಬೆಲೆ ಬಂದಾಗ ಮಾರಿದೆವು. ಹಣವನ್ನು ಮೂರು ತಿಂಗಳಿಗೊಂದು ಮುಗಿಯುವಂತೆ ಸಣ್ಣ ಸಣ್ಣ ಎಫ್‌ಡಿ ಮಾಡಿ ಇಟ್ಟೆವು.

ಆ ಬಗೆಯ ಮಾತ್ರೆಗಳ ಬೆಲೆಯ ಹಿಂದೆ ಚೆನ್ನೈಗೆ ಸೇರಿದ ಒಂದು ಸಂಗತಿ ಇದೆ. ಅವುಗಳಲ್ಲೊಂದಾದ ಸೊರಾಫೆನಿಬ್‌ಗೆ ಬೇಯರ್ ಕಂಪನಿ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ತೆಗೆದುಕೊಳ್ಳುತ್ತಿತ್ತು. 2012ರ ಮಾರ್ಚ್‌ನಲ್ಲಿ ಹೈದರಾಬಾದಿನ ನ್ಯಾಟ್ಕೊಗೆ ಅದೇ ಔಷಧಿ ತಯಾರಿಸಲು ಕಡ್ಡಾಯ ಪರವಾನಗಿ ಸಿಕ್ಕಿ ಬೆಲೆ 8,800 ರೂಪಾಯಿಗೆ ಇಳಿಯಿತು. ಬೇಯರ್ ಮೇಲ್ಮನವಿ ಬಂದದ್ದು ಚೆನ್ನೈಯಲ್ಲಿ ಕೇಂದ್ರ ಕಚೇರಿ ಇದ್ದ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಗೆ. ಅಧ್ಯಕ್ಷೆ ನ್ಯಾಯಮೂರ್ತಿ ಪ್ರಭಾ ಶ್ರೀದೇವನ್ ಅವರಿದ್ದ ಪೀಠ 2013ರ ಮಾರ್ಚ್ 4ರಂದು ಪರವಾನಗಿಯನ್ನು ಎತ್ತಿಹಿಡಿಯಿತು. ಆಗ ಸೊರಾಫೆನಿಬ್ ಯಕೃತ್ತು, ಮೂತ್ರಪಿಂಡದ ಕ್ಯಾನ್ಸರಿನ ಔಷಧಿ. ಥೈರಾಯ್ಡ್‌ಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆತದ್ದು ಅದೇ ವರ್ಷದ ನವೆಂಬರಿನಲ್ಲಿ. ಆ ತೀರ್ಪನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಒಂದೂವರೆ ವರ್ಷದ ಮೇಲೆ ಗಂಟು ಬೆಳೆಯತೊಡಗಿದಾಗ ಅಮ್ಮನಿಗೆ ಬರೆದದ್ದು ಸೊರಾಫೆನಿಬ್ ನಂತರ ಬಂದ ಲೆನ್ವಾಟಿನಿಬ್. ಪ್ರಯೋಗದಲ್ಲಿ ಅದು ರೋಗವನ್ನು ಮಧ್ಯಾಂಕ ಲೆಕ್ಕದಲ್ಲಿ 18.3 ತಿಂಗಳು ತಡೆದಿತ್ತು, ಔಷಧಿಯಿಲ್ಲದ ಹುಸಿ ಗುಳಿಗೆ ನುಂಗಿದವರಲ್ಲಿ 3.6. ಈಗ ಜೆನೆರಿಕ್ ಸಿಗುತ್ತದೆ. ಸ್ಟ್ರಿಪ್ ಮೇಲಿನ ಎಂಆರ್‌ಪಿಗೂ ಅಂಗಡಿಯವರು ಕೊಡುವ ದರಕ್ಕೂ ಅಜಗಜಾಂತರ, ನಾಲ್ಕು ಕಡೆ ವಿಚಾರಿಸದೆ ಕೊಳ್ಳಬಾರದು. ಹಳೆಯ ತೆರಿಗೆ ಪದ್ಧತಿಯಲ್ಲಿದ್ದ ನನಗೆ ತಜ್ಞರ ಚೀಟಿ ಇಟ್ಟುಕೊಂಡಿದ್ದರಿಂದ 80ಡಿಡಿಬಿ ಅಡಿ ಹಿರಿಯ ನಾಗರಿಕರ 1 ಲಕ್ಷದ ವಿನಾಯಿತಿಯೂ ಸಿಕ್ಕಿತು.

ಒಂದು ತಪ್ಪು ಮಾಡಿದೆ. ರಿಯಾಯಿತಿ ಇದೆಯೆಂದು ಮೂರು ತಿಂಗಳ ಮಾತ್ರೆ ಒಟ್ಟಿಗೆ ತಂದೆ: 10 ಮಿಲಿಗ್ರಾಂನ ಎರಡು, 4ರದ್ದೊಂದು, ದಿನಕ್ಕೆ 24. ಐದನೇ ವಾರಕ್ಕೆ ಅಮ್ಮನ ಬಿ.ಪಿ. ಏರಿ, ಭೇದಿ ಹತ್ತಿ, ಡಾಕ್ಟರು ಡೋಸನ್ನು 20ಕ್ಕೆ ಇಳಿಸಿದರು. 4ರ ಸ್ಟ್ರಿಪ್‌ಗಳನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಎರಡು ತಿಂಗಳ ನಂತರ ಡೋಸ್ 14ಕ್ಕೆ ಇಳಿದಾಗ ಬೀರುವಿನಿಂದ ಅವೇ ಸ್ಟ್ರಿಪ್‌ಗಳನ್ನು ತೆಗೆದು ಅಮ್ಮ, "ನೋಡು, ಎಸೀಬೇಡ ಅಂದಿದ್ದೆ ತಾನೆ" ಅಂದಳು. ಈಗ ನಾನು ತಿಂಗಳಿಗೆ ಬೇಕಾದಷ್ಟನ್ನೇ ತರುತ್ತೇನೆ.