ಸೈರನ್ ಕೂಗಿದರೆ ನಾವೇನು ಮಾಡೋಣ?

ಅಕ್ಕತಂಗಿಯರೇ, 2025ರ ಮೇ 7 ನೆನಪಿದೆಯೇ? ಅಂದು ಸಂಜೆ ನಾಲ್ಕರ ಹೊತ್ತಿಗೆ ಹಲಸೂರಿನಲ್ಲಿ ಸೈರನ್ ಕೂಗಿತು. ಟಿ.ವಿ.ಯಲ್ಲಿ ಅದನ್ನು ನೋಡಿ ಮಾರತ್ತಹಳ್ಳಿಯ ನಮಗೆ ಎದೆ ಡವಡವ ಅಂತು.

"ಯುದ್ಧ ಬಂತೇನಕ್ಕಾ? ಇಲ್ಲೇ ಎಚ್.ಎ.ಎಲ್. ಇದೆಯಲ್ಲ! ಮಕ್ಕಳನ್ನ ಕರ್ಕೊಂಡು ಊರಿಗೆ ಹೋಗಿಬಿಡೋಣ" ಎಂದಳು ಪಕ್ಕದ ಮನೆಯಾಕೆ.

ಹಲಸೂರಿನಲ್ಲಿ ನಡೆದದ್ದು ಯುದ್ಧವಲ್ಲ, ಅಭ್ಯಾಸ. ಅಂದು ಬೆಳಗಿನ ಜಾವ ನಮ್ಮ ಸೇನೆ ಗಡಿಯಾಚೆಯ ಉಗ್ರರ ನೆಲೆಗಳ ಮೇಲೆ ದಾಳಿ ಮಾಡಿತ್ತು. ಅದೇ ದಿನ ದೇಶದ ಹಲವು ಊರುಗಳಲ್ಲಿ ಜನರಿಗೆ ತಿಳಿವಳಿಕೆ ಕೊಡಲು ಇಂಥ ಅಭ್ಯಾಸ ನಡೆಯಿತು. ಬೆಂಕಿ ಆರಿಸುವುದು ಹೇಗೆ, ಗಾಯವಾದವರನ್ನು ಸಾಗಿಸುವುದು ಹೇಗೆ ಎಂದು ಮಾಡಿ ತೋರಿಸಿದರು.

ಸೈರನ್ನಿಗೂ ಒಂದು ಭಾಷೆ ಇದೆ. ಅಕ್ಷರ ಕಲಿತ ಹಾಗೆ ಅದನ್ನೂ ಕಲಿಯೋಣ.

ಸದ್ದು ಏರಿ ಇಳಿದು, ಏರಿ ಇಳಿದು ಕೂಗಿದರೆ ಅಪಾಯ ಬರುತ್ತಿದೆ ಎಂದು ಅರ್ಥ.
ಸದ್ದು ಒಂದೇ ಸಮನೆ ಕೂಗಿದರೆ ಅಪಾಯ ಕಳೆಯಿತು ಎಂದು ಅರ್ಥ.

ಅಪಾಯದ ಸೈರನ್ ಕೇಳಿದರೆ ಮೊದಲು ಒಲೆ ಆರಿಸೋಣ. ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡೋಣ. ದೀಪ ಆರಿಸೋಣ. ಮಕ್ಕಳನ್ನೂ ವಯಸ್ಸಾದವರನ್ನೂ ಒಳಗೆ ಕರೆಯೋಣ. ಕಿಟಕಿಯಿಂದ ದೂರ, ಗಟ್ಟಿ ಗೋಡೆಯ ಪಕ್ಕ ಕೂರೋಣ. ನೋಡೋದಕ್ಕೆ ಅಂತ ಮಹಡಿ ಹತ್ತುವುದು ಬೇಡ. ಶೀಟಿನ ಮನೆಯಲ್ಲಿ ಇರುವವರು ಪಕ್ಕದ ಆರ್.ಸಿ.ಸಿ. ಮನೆಯವರನ್ನು ಇವತ್ತೇ ಕೇಳಿಟ್ಟುಕೊಳ್ಳೋಣ.

ಸೈರನ್ನಿಗಿಂತ ಜೋರಾಗಿ ಓಡೋದು ಗಾಳಿಸುದ್ದಿ. 2012ರ ಆಗಸ್ಟ್‌ನಲ್ಲಿ ಏನಾಯಿತು? ಈಶಾನ್ಯ ರಾಜ್ಯಗಳಿಂದ ಬೆಂಗಳೂರಿಗೆ ದುಡಿಯಲು, ಓದಲು ಬಂದವರ ಮೇಲೆ ದಾಳಿ ಆಗುತ್ತದೆ ಎಂದು ಸುಳ್ಳು ಸುದ್ದಿ ಹಬ್ಬಿತು. ಸಾವಿರಾರು ಜನ ಕೆಲಸ ಬಿಟ್ಟು, ಗಂಟುಮೂಟೆ ಕಟ್ಟಿ ರೈಲು ಹತ್ತಿದರು. ಸುದ್ದಿ ಸುಳ್ಳು. ಆದರೆ ಭಯ ನಿಜ, ಆದ ನಷ್ಟವೂ ನಿಜ.

ಈಗ ನಮಗೆ ಓದು ಬಂದಿದೆ. ಫೋನಿಗೆ ಸುದ್ದಿ ಬಂದರೆ ನಾವೇ ಓದೋಣ. ಮೂರು ಪ್ರಶ್ನೆ ಕೇಳೋಣ. ಇದನ್ನು ಹೇಳಿದವರು ಯಾರು? ಯಾವ ದಿನದ್ದು? ಸರ್ಕಾರ ಹೇಳಿದೆಯೇ? ಉತ್ತರ ಸಿಗದಿದ್ದರೆ ಆ ಸುದ್ದಿಯನ್ನು ಇನ್ನೊಬ್ಬರಿಗೆ ಕಳಿಸುವುದು ಬೇಡ.

ಯುದ್ಧ ಬಾರದೇ ಇರಲಿ. ಆದರೆ ಮಳೆ? 2022ರ ಸೆಪ್ಟೆಂಬರ್‌ನಲ್ಲಿ ಮಾರತ್ತಹಳ್ಳಿ, ಬೆಳ್ಳಂದೂರು, ಯಮಲೂರು ಕಡೆ ನೀರು ನುಗ್ಗಿತು. ಜನರನ್ನು ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಸಾಗಿಸಬೇಕಾಯಿತು. ಮನೆಗೆ ನೀರು ನುಗ್ಗುವಾಗ ರೇಷನ್ ಕಾರ್ಡು ಹುಡುಕುತ್ತಾ ಕೂರೋಕಾಗುತ್ತಾ?

ಅದಕ್ಕೇ ಒಂದು ಚೀಲ ಸಿದ್ಧ ಮಾಡೋಣ. ಅದನ್ನು ಎತ್ತರದಲ್ಲಿ, ಕೈಗೆ ಸಿಗುವ ಹಾಗೆ ಇಡೋಣ. ರೇಷನ್ ಕಾರ್ಡು, ಆಧಾರ್, ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಡೋಣ. ಟಾರ್ಚು, ದಿನಾ ನುಂಗುವ ಮಾತ್ರೆ, ಸ್ವಲ್ಪ ಹಣ, ಒಂದು ಜೊತೆ ಬಟ್ಟೆ ಇರಲಿ. ಅವಲಕ್ಕಿ, ಹುರಿಗಡಲೆ, ಬೆಲ್ಲ, ಬಾಟಲಿಯಲ್ಲಿ ಕುಡಿಯುವ ನೀರು ಇರಲಿ. ನೀರು ಬಾಗಿಲಿಗೆ ಬರುವ ಮೊದಲೇ ಕರೆಂಟಿನ ಮೇನ್ ಸ್ವಿಚ್ ಆರಿಸೋಣ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುವುದು ಬೇಡ. ಸಹಾಯ ಬೇಕಾದರೆ 112ಕ್ಕೆ ಫೋನ್ ಮಾಡೋಣ.

ಇನ್ನೊಂದು ಮಾತು. ಮನೆಯವರ ಫೋನ್ ನಂಬರ್ ನಿಮಗೆ ಬಾಯಿಪಾಠ ಇದೆಯೇ? "ಫೋನಲ್ಲೇ ಇದೆ" ಅಂತೀರಿ. ಚಾರ್ಜ್ ಮುಗಿದರೆ? ಒಂದು ಚೀಟಿಯಲ್ಲಿ ಬರೆಯೋಣ. ಒಂದು ಚೀಟಿ ಗೋಡೆಗೆ, ಒಂದು ಚೀಲಕ್ಕೆ, ಒಂದು ಮಗುವಿನ ಸ್ಕೂಲ್ ಬ್ಯಾಗಿಗೆ. ಬೇರೆಯವರಿಂದ ಬರೆಸುವುದು ಬೇಡ. ನಮ್ಮ ಕೈಯಲ್ಲೇ ಬರೆಯೋಣ.

ಓದಿ, ಉತ್ತರ ಹೇಳಿ
1. ಸೈರನ್ ಒಂದೇ ಸಮನೆ ಕೂಗಿದರೆ ಏನು ಅರ್ಥ?
2. ಸುದ್ದಿ ಬಂದಾಗ ಕೇಳಬೇಕಾದ ಮೂರು ಪ್ರಶ್ನೆ ಯಾವುವು?
3. ನಿಮ್ಮ ಚೀಲದಲ್ಲಿ ಏನೇನು ಇರಬೇಕು? ಪಟ್ಟಿ ಬರೆಯಿರಿ.