ಮೂಲೆಯ ಹೂ

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಸೀಮೆಯ ಸಿದ್ದಿ ಮನೆಗಳಲ್ಲಿ ಹಳೆಯ ಬಟ್ಟೆ ವ್ಯರ್ಥವಾಗುವುದಿಲ್ಲ. ಅಜ್ಜಿ ಹಳೆಯ ಸೀರೆಯೊಂದನ್ನು ಹಾಸಿ, ಒಂದು ಮೂಲೆಯಿಂದ ಆರಂಭಿಸಿ, ತುಂಡುಬಟ್ಟೆಗಳನ್ನು ಅಂಚಿನಗುಂಟ ಸುತ್ತು ಸುತ್ತಾಗಿ ಕೈಯಲ್ಲೇ ಹೊಲಿಯುತ್ತಾ ನಡುವಿಗೆ ಬರುತ್ತಾಳೆ. ಮೊಮ್ಮಗುವಿಗೆ ಚಿಕ್ಕ ಕೌದಿ, ಮನೆಮಂದಿಗೆ ದೊಡ್ಡದು, ತನ್ನ ಮುಪ್ಪಿನ ಚಳಿಗೂ ಒಂದು. ಮೂಲೆಗಳಿಗೆ ಮಡಿಸಿದ ಬಟ್ಟೆಯ 'ಫೂಲ', ಅಂದರೆ ಹೂ, ಇಡುತ್ತಾಳೆ. ಹೂವಿಲ್ಲದ ಕೌದಿ ಬೆತ್ತಲೆ ಎಂಬುದು ಅವರ ಭಾವನೆ.

ಪ್ರಿಯ ಓದುಗರೇ, ಆ ಹೂವಿನಿಂದ ಕೌದಿಯ ಬಿಸುಪು ಹೆಚ್ಚುವುದಿಲ್ಲ. ಆದರೂ ಅದಿಲ್ಲದೆ ಕೆಲಸ ಮುಗಿಯದು. ಅಗತ್ಯವನ್ನು ಪೂರೈಸುವುದು ಕರ್ತವ್ಯ. ಅದರ ಮೇಲೆ ಒಂದಿಷ್ಟು ಹೆಚ್ಚು ಕೊಡುವುದು ಪ್ರೀತಿ.

ಯೊಪ್ಪದ ತಬಿಥಳನ್ನು ನೆನೆಯಿರಿ (ಪ್ರೇಷಿತರ ಕಾರ್ಯಕಲಾಪಗಳು 9:36-42). ಅವಳಾಡಿದ ಒಂದು ಮಾತೂ ಶ್ರೀಗ್ರಂಥದಲ್ಲಿಲ್ಲ. ಅವಳು ತೀರಿಕೊಂಡಾಗ ವಿಧವೆಯರು ಅಳುತ್ತಾ ಸಂತ ಪೇತ್ರರಿಗೆ ತೋರಿಸಿದ್ದು ಅವಳು ಮಾಡಿಕೊಟ್ಟ ಉಡುಪುಗಳನ್ನು.

ನಮ್ಮ ಮನೆಯ ಅಜ್ಜಿಗೆ ಊಟ, ಔಷಧಿ ಹೊತ್ತಿಗೆ ಸರಿಯಾಗಿ ಸಿಗುತ್ತಿರಬಹುದು. ಆದರೆ ಹತ್ತು ನಿಮಿಷ ಪಕ್ಕದಲ್ಲಿ ಕುಳಿತು, ಕಣ್ಣು ಮಂಜಾದ ಅವಳ ಸೂಜಿಗೆ ದಾರ ಪೋಣಿಸಿಕೊಡುವವರು ಯಾರು? ಅವಳು ಹೋದ ಮೇಲೆ ಕೌದಿ ತೋರಿಸಿ ಅಳುವುದಕ್ಕಿಂತ, ಇಂದೇ ಆ ಹೂವನ್ನು ಇಡೋಣ.